ದೇಶಪ್ರೇಮ ಮತ್ತು ಅದರ ಎಲ್ಲೆ: ಕರ್ನಲ್ ಲಾ ರಾಕ್ ಅವರ ಜೀವನ

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಗೆ ಸೋತ ಫ್ರಾನ್ಸ್ ದೇಶದ ನಾಣ್ಯಗಳ ಮೇಲೆ ಮೂರು ಪದಗಳನ್ನು ಅಚ್ಚೊತ್ತಲಾಗಿತ್ತು: ದುಡಿಮೆ, ಕುಟುಂಬ, ತಾಯ್ನಾಡು. ಆ ದೇಶದ ಗಣರಾಜ್ಯವು ಬಹುಕಾಲದಿಂದ ತನ್ನ ಹೆಗ್ಗುರುತಾಗಿ ಕಾಪಾಡಿಕೊಂಡು ಬಂದಿದ್ದ ಸ್ವಾತಂತ್ರ್ಯ, ಸಮಾನತೆ, ಸಹೋದರತೆ ಎಂಬ ಪದಗಳನ್ನು ಬದಿಗೊತ್ತಿ, ವಿಶಿ ಪಟ್ಟಣದಿಂದ ಆಳುತ್ತಿದ್ದ ಮಾರ್ಷಲ್ ಪೆತಾಂ ಅವರ ಸರ್ಕಾರ ಈ ಹೊಸ ಪದಗಳನ್ನು ತಂದಿತ್ತು. ಈ ಮೂರರಲ್ಲಿ ಯಾವ ಪದವನ್ನು ತಾನೇ ನಾವು ಕೆಟ್ಟದ್ದೆನ್ನಲು ಸಾಧ್ಯ? ಬೆವರು ಸುರಿಸಿ ದುಡಿಯುವುದು ಒಳ್ಳೆಯದು. ಕುಟುಂಬ ದೇವರ ವರದಾನ. ಹುಟ್ಟಿದ ನಾಡನ್ನು ಪ್ರೀತಿಸುವುದು ಮಕ್ಕಳ ಕರ್ತವ್ಯ. ಆದರೂ ಈ ಪದಗಳನ್ನು ನಾಣ್ಯದ ಮೇಲೆ ಅಚ್ಚೊತ್ತಿದ ಸರ್ಕಾರವೇ ತನ್ನ ನೆಲದಲ್ಲಿ ಆಶ್ರಯ ಪಡೆದಿದ್ದ ಯೆಹೂದ್ಯರನ್ನು ಹಿಡಿದು ನಾತ್ಸಿಗಳ ಕೈಗೆ ಒಪ್ಪಿಸಿತು. ಫ್ರಾನ್ಸಿನಿಂದ ಸುಮಾರು 75 ಸಾವಿರ ಯೆಹೂದ್ಯರನ್ನು ಸಾವಿನ ಶಿಬಿರಗಳಿಗೆ ಸಾಗಿಸಲಾಯಿತು. ಬದುಕಿ ಹಿಂದಿರುಗಿದವರು ಬೆರಳೆಣಿಕೆಯಷ್ಟು ಮಂದಿ ಮಾತ್ರ.

ಈ ಮೂರು ಪದಗಳನ್ನು ಪೆತಾಂ ಅವರ ಸರ್ಕಾರ ತಾನಾಗಿ ಕಂಡುಕೊಂಡದ್ದಲ್ಲ. ಅದಕ್ಕೂ ಕೆಲವು ವರ್ಷಗಳ ಮೊದಲೇ ಒಬ್ಬ ನಿವೃತ್ತ ಸೇನಾಧಿಕಾರಿಯ ಸಂಘಟನೆ ಅವುಗಳನ್ನು ತನ್ನ ಧ್ಯೇಯವಾಕ್ಯವನ್ನಾಗಿ ಮಾಡಿಕೊಂಡಿತ್ತು. ಆತನ ಹೆಸರು ಕರ್ನಲ್ ಫ್ರಾನ್ಸ್ವಾ ದ ಲಾ ರಾಕ್. ಎರಡು ಮಹಾಯುದ್ಧಗಳ ನಡುವಿನ ಫ್ರಾನ್ಸಿನಲ್ಲಿ ಅವರಷ್ಟು ಜನರನ್ನು ತನ್ನ ಹಿಂದೆ ಕಟ್ಟಿಕೊಂಡ ರಾಷ್ಟ್ರವಾದಿ ನಾಯಕ ಮತ್ತೊಬ್ಬರಿರಲಿಲ್ಲ. ಎಡಪಂಥೀಯರು ಅವರನ್ನು ಫ್ರಾನ್ಸಿನ ಮುಸೊಲಿನಿ ಎಂದು ಹೆದರಿದರು. ಉಗ್ರ ಬಲಪಂಥೀಯರು ಅವರನ್ನು ಹೇಡಿ ಎಂದು ಹಂಗಿಸಿದರು. ಜರ್ಮನರು ಅವರನ್ನು ಸೆರೆಯಲ್ಲಿಟ್ಟರು. ಬಿಡುಗಡೆಯಾಗಿ ಬಂದಾಗ ಸ್ವಂತ ದೇಶವೂ ಅವರನ್ನು ಬಂಧನದಲ್ಲಿಟ್ಟಿತು. ಇಂತಹ ಒಬ್ಬ ಕಥೋಲಿಕ ರಾಜಕಾರಣಿಯ ಬದುಕನ್ನು ನಿಧಾನವಾಗಿ ಪರಿಶೀಲಿಸುವುದು ನಮಗೂ ಉಪಯುಕ್ತ. ಏಕೆಂದರೆ ದೇಶಪ್ರೇಮ ಎಲ್ಲಿಯವರೆಗೆ ಸದ್ಗುಣ, ಎಲ್ಲಿಂದ ಮುಂದೆ ಅದು ಆತ್ಮಕ್ಕೆ ಅಪಾಯ ಎಂಬ ಪ್ರಶ್ನೆ ಒಂದು ಕಾಲಕ್ಕೆ, ಒಂದು ದೇಶಕ್ಕೆ ಸೀಮಿತವಾದುದಲ್ಲ.

ಸೈನಿಕನ ಬಾಳು

ಲಾ ರಾಕ್ ಅವರು 1885ರ ಅಕ್ಟೋಬರ್ 6ರಂದು ಬ್ರಿಟನಿ ಪ್ರಾಂತ್ಯದ ಲೊರಿಯಾಂ ಎಂಬ ಬಂದರು ಪಟ್ಟಣದಲ್ಲಿ ಜನಿಸಿದರು. ಅವರದು ಓವೆರ್ನ್ ಮೂಲದ ಹಳೆಯ ಕುಲೀನ ಮನೆತನ. ತಂದೆ ಫಿರಂಗಿ ದಳದ ಸೇನಾನಿ. ಕಥೋಲಿಕ ವಿಶ್ವಾಸ ಮತ್ತು ಸೈನಿಕ ಶಿಸ್ತು ಎರಡೂ ಆ ಮನೆಯಲ್ಲಿ ತಲೆಮಾರುಗಳಿಂದ ಹರಿದುಬಂದಿದ್ದವು. ಸಹಜವಾಗಿಯೇ ಅವರು ಸೇನಾಧಿಕಾರಿಗಳನ್ನು ತರಬೇತುಗೊಳಿಸುವ ಪ್ರಸಿದ್ಧ ಸಾಂ ಸೀರ್ ಶಾಲೆಯನ್ನು ಸೇರಿದರು. ಅಲ್ಲಿಂದ ಹೊರಬಂದ ಮೇಲೆ ಉತ್ತರ ಆಫ್ರಿಕಾದಲ್ಲಿ ಸೇವೆ ಸಲ್ಲಿಸಿದರು. ಮೊರಾಕ್ಕೊದಲ್ಲಿ ಅವರಿಗೆ ದೊರೆತ ಮೇಲಧಿಕಾರಿ ಜನರಲ್ ಲಿಯೋತೆ. ಅಧಿಕಾರಿಯಾದವನು ಕೇವಲ ಆಜ್ಞೆ ಮಾಡುವವನಲ್ಲ, ತನ್ನ ಕೈಕೆಳಗಿನವರ ಯೋಗಕ್ಷೇಮ ನೋಡಿಕೊಳ್ಳುವ ಹಿರಿಯಣ್ಣನೂ ಆಗಿರಬೇಕು ಎಂಬ ಲಿಯೋತೆ ಅವರ ವಿಚಾರ ಈ ಯುವಕನ ಮನಸ್ಸಿನಲ್ಲಿ ಆಳವಾಗಿ ಬೇರೂರಿತು.

1916ರಲ್ಲಿ ಮೊರಾಕ್ಕೊದ ಕಾದಾಟವೊಂದರಲ್ಲಿ ಅವರು ತೀವ್ರವಾಗಿ ಗಾಯಗೊಂಡರು. ಆಗ ಯೂರೋಪಿನಲ್ಲಿ ಮೊದಲನೆಯ ಮಹಾಯುದ್ಧದ ಜ್ವಾಲೆ ಉರಿಯುತ್ತಿತ್ತು. ಚೇತರಿಸಿಕೊಂಡ ಲಾ ರಾಕ್ ತಾವಾಗಿಯೇ ಕೇಳಿಕೊಂಡು ಪಶ್ಚಿಮ ರಣರಂಗಕ್ಕೆ ತೆರಳಿದರು. ಕೆಸರು ತುಂಬಿದ ಕಂದಕಗಳಲ್ಲಿ ರೈತನ ಮಗ, ಶಾಲಾ ಮಾಸ್ತರ, ಜಮೀನ್ದಾರ, ಗಣಿ ಕಾರ್ಮಿಕ ಎಲ್ಲರೂ ಒಂದೇ ರೊಟ್ಟಿಯನ್ನು ಹಂಚಿಕೊಂಡು, ಒಂದೇ ಗುಂಡಿನ ಭಯದಲ್ಲಿ ಬದುಕಿದ್ದನ್ನು ಅವರು ಕಂಡರು. ಯುದ್ಧಾನಂತರ ಮಾರ್ಷಲ್ ಫೋಶ್ ಅವರ ಕಾರ್ಯಾಲಯದಲ್ಲಿ ದುಡಿದು, ಪೋಲೆಂಡಿನ ಫ್ರೆಂಚ್ ಸೇನಾ ನಿಯೋಗದಲ್ಲಿ ಕೆಲಕಾಲ ಕಳೆದು, 1925ರಲ್ಲಿ ಮತ್ತೆ ಮೊರಾಕ್ಕೊಗೆ ಹೋದರು. ಅಲ್ಲಿನ ರಿಫ್ ಬೆಟ್ಟಗಳ ಜನರು ಅಬ್ದ್ ಎಲ್ ಕ್ರಿಮ್ ಅವರ ನಾಯಕತ್ವದಲ್ಲಿ ಪರಕೀಯ ಆಳ್ವಿಕೆಯ ವಿರುದ್ಧ ಎದ್ದಿದ್ದರು. 1926ರಲ್ಲಿ ಅವರ ಹೋರಾಟ ಮುರಿದುಬಿತ್ತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ತಾಯ್ನಾಡಿಗಾಗಿ ಪ್ರಾಣ ಕೊಡಲು ಸಿದ್ಧನಾಗಿದ್ದ ಈ ಅಧಿಕಾರಿಗೆ, ಎದುರಿನ ಬೆಟ್ಟದಲ್ಲಿ ಬಂದೂಕು ಹಿಡಿದು ನಿಂತವನೂ ತನ್ನ ತಾಯ್ನಾಡಿಗಾಗಿಯೇ ಹೋರಾಡುತ್ತಿದ್ದಾನೆ ಎಂಬುದು ಹೊಳೆಯಲಿಲ್ಲ. ಅಂದಿನ ಯೂರೋಪಿನ ಬಹುಪಾಲು ದೇಶಭಕ್ತರಿಗೂ ಅದು ಹೊಳೆದಿರಲಿಲ್ಲ. ಪರರ ಆಳ್ವಿಕೆಯನ್ನು ಅನುಭವಿಸಿದ ನಮ್ಮ ದೇಶದ ಓದುಗರಿಗೆ ಈ ಕುರುಡುತನ ಬೇಗನೆ ಕಾಣುತ್ತದೆ. ನನ್ನ ನಾಡು ನನಗೆ ಪ್ರಿಯವಾದಂತೆ ಅವನ ನಾಡು ಅವನಿಗೆ ಪ್ರಿಯ ಎಂಬ ಸರಳ ಸತ್ಯ ಮರೆತುಹೋದಲ್ಲೇ ದೇಶಪ್ರೇಮದ ಮೊದಲ ಬಿರುಕು ಕಾಣಿಸಿಕೊಳ್ಳುತ್ತದೆ.

ಬೆಂಕಿಯ ಶಿಲುಬೆ

1928ರಲ್ಲಿ ಲೆಫ್ಟಿನೆಂಟ್ ಕರ್ನಲ್ ಹುದ್ದೆಯಲ್ಲಿದ್ದಾಗಲೇ ಅವರು ಸೇನೆಯಿಂದ ನಿವೃತ್ತರಾದರು. ಆಗಿನ ಫ್ರಾನ್ಸ್ ಗೆದ್ದ ದೇಶವಾಗಿದ್ದರೂ ನೊಂದ ದೇಶವಾಗಿತ್ತು. ಯುದ್ಧದಲ್ಲಿ ಸುಮಾರು 14 ಲಕ್ಷ ಫ್ರೆಂಚರು ಸತ್ತಿದ್ದರು. ಹಳ್ಳಿ ಹಳ್ಳಿಯ ಚೌಕದಲ್ಲೂ ಸತ್ತವರ ಹೆಸರುಗಳನ್ನು ಕೆತ್ತಿದ ಸ್ಮಾರಕಗಳಿದ್ದವು. ಕೈಕಾಲು ಕಳೆದುಕೊಂಡವರು, ವಿಷಾನಿಲದಿಂದ ಶ್ವಾಸಕೋಶ ಸುಟ್ಟುಕೊಂಡವರು, ವಿಧವೆಯರು, ತಂದೆಯಿಲ್ಲದ ಮಕ್ಕಳು ಎಲ್ಲೆಡೆ ಇದ್ದರು. ಇಷ್ಟೆಲ್ಲ ತ್ಯಾಗ ಮಾಡಿದ್ದು ಯಾವುದಕ್ಕಾಗಿ ಎಂದು ಮಾಜಿ ಸೈನಿಕರು ಕೇಳುತ್ತಿದ್ದರು. ಸಂಸತ್ತಿನಲ್ಲಿ ಸರ್ಕಾರಗಳು ಕೆಲವೇ ತಿಂಗಳುಗಳಲ್ಲಿ ಉರುಳುತ್ತಿದ್ದವು. ಹಗರಣಗಳು ಒಂದರ ಬೆನ್ನಿಗೆ ಒಂದು ಹೊರಬರುತ್ತಿದ್ದವು.

ಈ ಅಸಮಾಧಾನದ ನಡುವೆ 1927ರಲ್ಲಿ 'ಕ್ರುವಾ ದ ಫೆ' ಎಂಬ ಸಂಘ ಹುಟ್ಟಿತ್ತು. 'ಬೆಂಕಿಯ ಶಿಲುಬೆ' ಎಂಬುದು ಅದರ ಅರ್ಥ. ರಣರಂಗದ ಮುಂಚೂಣಿಯಲ್ಲಿ ಹೋರಾಡಿ ಪದಕ ಪಡೆದವರಿಗಾಗಿ ಮಾತ್ರ ಇದ್ದ ಪುಟ್ಟ ಸಂಘ ಅದು. ಸುಗಂಧದ್ರವ್ಯಗಳ ಉದ್ಯಮಿ ಫ್ರಾನ್ಸ್ವಾ ಕೊತಿ ಆರಂಭದಲ್ಲಿ ಅದಕ್ಕೆ ಹಣದ ನೆರವು ನೀಡಿದ್ದರು. 1929ರಲ್ಲಿ ಲಾ ರಾಕ್ ಅದನ್ನು ಸೇರಿ, ಕೆಲವೇ ವರ್ಷಗಳಲ್ಲಿ ಅದರ ನಾಯಕರಾದರು. ಕೊತಿ ಅವರ ಹಂಗಿನಿಂದ ಸಂಘವನ್ನು ಬಿಡಿಸಿದರು. ಬರಬರುತ್ತಾ ಸೈನಿಕರ ಮಕ್ಕಳಿಗೆ, ಯುದ್ಧಕ್ಕೆ ಹೋಗದ ಯುವಕರಿಗೆ, ಮಹಿಳೆಯರಿಗೆ ಅಂಗಸಂಸ್ಥೆಗಳನ್ನು ತೆರೆದರು. ಮುಂದೆ ಫ್ರಾನ್ಸಿನ ಸಮಾಜವಾದಿ ರಾಷ್ಟ್ರಾಧ್ಯಕ್ಷರಾದ ಫ್ರಾನ್ಸ್ವಾ ಮಿತ್ತೆರಾಂ ಅವರೂ ವಿದ್ಯಾರ್ಥಿಯಾಗಿದ್ದಾಗ ಕೆಲಕಾಲ ಈ ಯುವಕರ ಅಂಗಸಂಸ್ಥೆಯಲ್ಲಿದ್ದರು.

ಲಾ ರಾಕ್ ಅವರ ಬೋಧನೆಯ ತಿರುಳು ಸರಳವಾಗಿತ್ತು. ಕಂದಕದಲ್ಲಿ ಕಂಡ ಸಹೋದರತ್ವವನ್ನು ಶಾಂತಿಕಾಲದ ಸಮಾಜಕ್ಕೆ ತರಬೇಕು. ವರ್ಗ ವರ್ಗಗಳ ಹೋರಾಟದ ಬದಲು ಮಾಲೀಕ ಮತ್ತು ಕಾರ್ಮಿಕರು ಒಂದೇ ಮನೆಯವರಂತೆ ಬಾಳಬೇಕು. ಈ ವಿಚಾರದಲ್ಲಿ ಅಂದಿನ ಧರ್ಮಸಭೆಯ ಸಾಮಾಜಿಕ ಬೋಧನೆಯ ಛಾಯೆಯನ್ನು ಗುರುತಿಸಬಹುದು. ಮಾತಿಗಷ್ಟೇ ನಿಲ್ಲದೆ ಸಂಘದ ಮಹಿಳೆಯರು ನಿರುದ್ಯೋಗಿಗಳಿಗೆ ಉಚಿತ ಊಟದ ಕೇಂದ್ರಗಳನ್ನು ತೆರೆದರು. ನಗರದ ಬಡ ಮಕ್ಕಳನ್ನು ರಜಾ ಶಿಬಿರಗಳಿಗೆ ಕರೆದೊಯ್ದರು, ಬಟ್ಟೆಬರೆ ಹಂಚಿದರು. ಫ್ರಾನ್ಸಿನಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ದೊರೆತದ್ದು 1944ರಲ್ಲಿ. ಅದಕ್ಕೂ ಬಹಳ ಮೊದಲೇ ಲಾ ರಾಕ್ ಅವರ ಚಳವಳಿ ಆ ಹಕ್ಕನ್ನು ಬೆಂಬಲಿಸಿತ್ತು.

ಆದರೆ ಇದೇ ಸಂಘಕ್ಕೆ ಇನ್ನೊಂದು ಮುಖವೂ ಇತ್ತು. ಸೇನೆಯಂತೆ ಶಿಸ್ತಿನ ಸಾಲುಗಳು, ಮುನ್ಸೂಚನೆಯಿಲ್ಲದೆ ನೂರಾರು ಕಾರುಗಳಲ್ಲಿ ಬಂದು ಸೇರುವ ರಹಸ್ಯ ಸಮಾವೇಶಗಳು, ಅಜ್ಞಾತ ಘಳಿಗೆಯೊಂದು ಬರಲಿದೆ ಎಂಬ ಗೂಢ ಮಾತುಗಳು. ಪಕ್ಕದ ಇಟಲಿಯಲ್ಲಿ ಮುಸೊಲಿನಿಯನ್ನು, ಆಚೆ ಜರ್ಮನಿಯಲ್ಲಿ ಹಿಟ್ಲರನನ್ನು ಕಂಡಿದ್ದ ಕಾರ್ಮಿಕರು ಇದರಿಂದ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಉದ್ದೇಶ ಒಳ್ಳೆಯದು ಎಂದರೆ ಸಾಲದು. ನಮ್ಮ ನಡಿಗೆಯ ಸದ್ದು ಪಕ್ಕದ ಮನೆಯವನ ಎದೆಯಲ್ಲಿ ಏನನ್ನು ಹುಟ್ಟಿಸುತ್ತದೆ ಎಂಬುದನ್ನೂ ಯೋಚಿಸಬೇಕು.

ಧರ್ಮಸಭೆಯ ಎಚ್ಚರಿಕೆ

ಲಾ ರಾಕ್ ಅವರನ್ನು ಅರ್ಥಮಾಡಿಕೊಳ್ಳಲು ಅಂದಿನ ಕಥೋಲಿಕ ಫ್ರಾನ್ಸಿನ ಒಂದು ದೊಡ್ಡ ಬಿಕ್ಕಟ್ಟನ್ನು ನೆನೆಯಬೇಕು. ಷಾರ್ಲ್ ಮೊರಾಸ್ ಎಂಬ ಲೇಖಕರ ನೇತೃತ್ವದ 'ಆಕ್ಸಿಯೋಂ ಫ್ರಾನ್ಸೇಸ್' ಎಂಬ ರಾಜವಾದಿ ಚಳವಳಿ ಸಾವಿರಾರು ಕಥೋಲಿಕರನ್ನು, ಹಲವು ಗುರುಗಳನ್ನೂ ಸೆಳೆದಿತ್ತು. ಮೊರಾಸ್ ಸ್ವತಃ ವಿಶ್ವಾಸಿಯಾಗಿರಲಿಲ್ಲ. ಧರ್ಮಸಭೆಯನ್ನು ಆತ ಮೆಚ್ಚಿದ್ದು ಅದು ಸಮಾಜದಲ್ಲಿ ಶಿಸ್ತನ್ನು ಕಾಪಾಡುತ್ತದೆ ಎಂಬ ಕಾರಣಕ್ಕೆ, ಕ್ರಿಸ್ತರ ಸಲುವಾಗಿ ಅಲ್ಲ. ರಾಜಕೀಯವೇ ಮೊದಲು ಎಂಬುದು ಆತನ ಘೋಷಣೆ. ಯೆಹೂದ್ಯರು, ಪ್ರೊಟೆಸ್ಟೆಂಟರು, ವಲಸಿಗರು ಆತನ ಲೇಖನಿಗೆ ನಿತ್ಯದ ಗುರಿಗಳಾಗಿದ್ದರು.

ಜಗದ್ಗುರು ಹನ್ನೊಂದನೆಯ ಪಿಯೂಸರು 1922ರ ತಮ್ಮ ಮೊದಲ ವಿಶ್ವಪತ್ರದಲ್ಲಿಯೇ ಈ ಅಪಾಯವನ್ನು ಸೂಚಿಸಿದ್ದರು. ದೇಶಪ್ರೇಮವು ಅನೇಕ ಸದ್ಗುಣಗಳಿಗೆ ಪ್ರೇರಣೆಯಾಗಬಲ್ಲದು. ಆದರೆ ಅದು ಎಲ್ಲೆ ಮೀರಿದ ರಾಷ್ಟ್ರವಾದವಾದಾಗ, ಎಲ್ಲ ಜನಾಂಗಗಳೂ ಒಂದೇ ಮಾನವ ಕುಟುಂಬದ ಸೋದರರೆಂಬುದನ್ನು ಮರೆತಾಗ, ಅನ್ಯಾಯಕ್ಕೆ ಬೀಜವಾಗುತ್ತದೆ ಎಂಬುದು ಅವರ ಬೋಧನೆಯ ಸಾರ. 1926ರ ಡಿಸೆಂಬರಿನಲ್ಲಿ ಮೊರಾಸ್ ಅವರ ಪತ್ರಿಕೆಯನ್ನು ರೋಮ್ ನಿಷೇಧಿಸಿತು. ಆ ಪತ್ರಿಕೆಯನ್ನು ಬಿಡಲೊಪ್ಪದವರಿಗೆ ಸಂಸ್ಕಾರಗಳನ್ನು ನಿರಾಕರಿಸಲಾಯಿತು. ಮನೆಮನೆಗಳಲ್ಲಿ ಒಡಕುಂಟಾಯಿತು. ಈ ವಿವಾದದಲ್ಲಿ ಪ್ರಸಿದ್ಧ ದೈವಶಾಸ್ತ್ರಜ್ಞರಾದ ಬಿಯೋ ಅವರು 1927ರಲ್ಲಿ ಕಾರ್ಡಿನಲ್ ಪದವಿಯನ್ನೇ ತ್ಯಜಿಸಬೇಕಾಯಿತು ಎಂದರೆ ಬಿಕ್ಕಟ್ಟಿನ ಆಳ ತಿಳಿಯುತ್ತದೆ. ಆ ನಿಷೇಧ ತೆರವಾದದ್ದು 1939ರಲ್ಲಿ.

ಲಾ ರಾಕ್ ಅವರು ಮೊರಾಸ್ ಅವರ ಶಿಷ್ಯರಾಗಿರಲಿಲ್ಲ. ಗಣರಾಜ್ಯವನ್ನು ಉರುಳಿಸಿ ರಾಜನನ್ನು ತರುವ ಹಂಬಲವೂ ಅವರಿಗಿರಲಿಲ್ಲ. ಹೀಗಾಗಿ ನಾಡನ್ನು ಪ್ರೀತಿಸುತ್ತಲೇ ಧರ್ಮಸಭೆಗೂ ವಿಧೇಯರಾಗಿರಲು ಬಯಸಿದ ಅನೇಕ ಕಥೋಲಿಕ ಕುಟುಂಬಗಳಿಗೆ ಅವರ ಸಂಘ ಒಂದು ನೆಲೆಯಾಗಿ ಕಂಡಿತು. ಮೊರಾಸ್ ಬಳಗ ಅವರನ್ನು ಕೊನೆಯವರೆಗೂ ದ್ವೇಷಿಸಿತು.

ಫೆಬ್ರವರಿ 6ರ ರಾತ್ರಿ

1934ರ ಆರಂಭದಲ್ಲಿ ಸ್ತಾವಿಸ್ಕಿ ಎಂಬ ವಂಚಕನ ಹಗರಣ ಫ್ರಾನ್ಸನ್ನು ತಲ್ಲಣಗೊಳಿಸಿತು. ಸುಳ್ಳು ಸಾಲಪತ್ರಗಳನ್ನು ಮಾರಿ ಕೋಟಿಗಟ್ಟಲೆ ಹಣ ನುಂಗಿದ್ದ ಆತನಿಗೆ ರಾಜಕಾರಣಿಗಳ ರಕ್ಷಣೆಯಿತ್ತೆಂಬ ಗುಮಾನಿ ಎಲ್ಲೆಡೆ ಹಬ್ಬಿತು. ಜನವರಿಯಲ್ಲಿ ಆತ ಗುಂಡೇಟಿನಿಂದ ಸತ್ತ. ಬಾಯಿ ಮುಚ್ಚಿಸಲು ಕೊಂದರೆಂದು ಜನ ಆಡಿಕೊಂಡರು. ಸರ್ಕಾರ ಬಿದ್ದು ದಲಾದಿಯೆ ಪ್ರಧಾನಿಯಾದರು. ಬಲಪಂಥೀಯರಿಗೆ ಅಚ್ಚುಮೆಚ್ಚಾಗಿದ್ದ ಪ್ಯಾರಿಸ್ ಪೊಲೀಸ್ ಮುಖ್ಯಸ್ಥ ಶಿಯಾಪ್ ಅವರನ್ನು ಹೊಸ ಪ್ರಧಾನಿ ಹುದ್ದೆಯಿಂದ ತೆಗೆದರು. ಫೆಬ್ರವರಿ 6ರ ಸಂಜೆ ನಾನಾ ರಾಷ್ಟ್ರವಾದಿ ಸಂಘಗಳು ಪ್ಯಾರಿಸಿನ ಬೀದಿಗಿಳಿದವು. ಸೇನ್ ನದಿಯಾಚೆಯ ಕಾಂಕೋರ್ಡ್ ಚೌಕದಲ್ಲಿ ಸೇರಿದ ಜನಸಮೂಹ ಸೇತುವೆ ದಾಟಿ ಸಂಸತ್ ಭವನಕ್ಕೆ ನುಗ್ಗಲು ಯತ್ನಿಸಿತು. ಪೊಲೀಸರು ಗುಂಡು ಹಾರಿಸಿದರು. ಆ ರಾತ್ರಿ ಸುಮಾರು 15 ಮಂದಿ ಸತ್ತರು, ಸಾವಿರಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ಲಾ ರಾಕ್ ಅವರ ಜನ ಮಾತ್ರ ಆ ಚೌಕದಲ್ಲಿರಲಿಲ್ಲ. ಅವರು ನದಿಯ ಈಚೆ ದಂಡೆಯಲ್ಲಿ, ಸಂಸತ್ ಭವನದ ಹಿಂಬದಿಯಲ್ಲಿ ಸಾಲುಗಟ್ಟಿದ್ದರು. ಅಲ್ಲಿನ ಕಾವಲು ದುರ್ಬಲವಾಗಿತ್ತು. ಅಂದು ಕರ್ನಲ್ ಒಂದು ಮಾತು ಹೇಳಿದ್ದರೆ ಅವರ ಜನ ಸದನದೊಳಗೆ ನುಗ್ಗಬಹುದಿತ್ತೆಂದು ಅನೇಕರು ಬರೆದಿದ್ದಾರೆ. ಆ ಮಾತನ್ನು ಅವರು ಹೇಳಲಿಲ್ಲ. ತಮ್ಮವರಿಗೆ ಚದುರಿ ಮನೆಗೆ ಹೋಗಲು ಆಜ್ಞೆಯಿತ್ತರು. ಶಿಸ್ತಿನ ಸಂಘ ಶಿಸ್ತಿನಿಂದಲೇ ಹಿಂದಿರುಗಿತು. ಮರುದಿನ ದಲಾದಿಯೆ ರಾಜೀನಾಮೆ ನೀಡಿದರು. ಆದರೆ ಗಣರಾಜ್ಯ ಉಳಿಯಿತು.

ಉಗ್ರ ಬಲಪಂಥೀಯರು ಇದನ್ನು ಎಂದೂ ಕ್ಷಮಿಸಲಿಲ್ಲ. ಕೈಗೆ ಬಂದ ಅಧಿಕಾರವನ್ನು ಚೆಲ್ಲಿದ ಹೇಡಿ ಎಂದು ಅವರು ಕರ್ನಲ್ ಅವರನ್ನು ಜರೆದರು. ಎಡಪಂಥೀಯರಾದರೋ, ಅಂದು ಹಿಂದೆ ಸರಿದವನು ನಾಳೆ ಮುಂದೆ ಬರಲಾರನೇ ಎಂದು ಶಂಕಿಸಿದರು. ಇತ್ತ ಸಾಮಾನ್ಯ ಜನರ ನಡುವೆ ಅವರ ಕೀರ್ತಿ ಬೆಳೆಯಿತು. ಕೆಲವು ಹತ್ತು ಸಾವಿರದಷ್ಟಿದ್ದ ಸದಸ್ಯಬಲ ಎರಡೇ ವರ್ಷಗಳಲ್ಲಿ ನಾಲ್ಕೈದು ಲಕ್ಷಕ್ಕೆ ಏರಿತೆಂದು ಇತಿಹಾಸಕಾರರ ಅಂದಾಜು.

ಪಕ್ಷದ ನಾಯಕ

ಆ ರಾತ್ರಿಯ ಭಯವೇ ಎಡಪಂಥೀಯರನ್ನು ಒಂದುಗೂಡಿಸಿತು. ಸಮಾಜವಾದಿಗಳು, ಕಮ್ಯೂನಿಸ್ಟರು, ರ‍್ಯಾಡಿಕಲರು ಸೇರಿ ಜನರಂಗವನ್ನು ಕಟ್ಟಿ 1936ರ ಚುನಾವಣೆಯಲ್ಲಿ ಗೆದ್ದರು. ಪ್ರಧಾನಿ ಲಿಯೋ ಬ್ಲೂಮ್ ಅವರ ಸರ್ಕಾರ ಜೂನ್ 18ರಂದು ಬೆಂಕಿಯ ಶಿಲುಬೆಯೂ ಸೇರಿದಂತೆ ಅರೆಸೈನಿಕ ಸ್ವರೂಪದ ಸಂಘಗಳನ್ನು ವಿಸರ್ಜಿಸಿತು. ಲಾ ರಾಕ್ ಕಾನೂನನ್ನು ಪಾಲಿಸಿದರು. ಜುಲೈ ತಿಂಗಳಲ್ಲಿ 'ಫ್ರೆಂಚ್ ಸಾಮಾಜಿಕ ಪಕ್ಷ' ಎಂಬ ರಾಜಕೀಯ ಪಕ್ಷವನ್ನು ಕಟ್ಟಿ, ಮತಪೆಟ್ಟಿಗೆಯ ದಾರಿಯನ್ನೇ ಹಿಡಿದರು. ಸಾಗರದಾಚೆಗೆ ಅಂಚೆ ವಿಮಾನ ಹಾರಿಸಿ ಮನೆಮಾತಾಗಿದ್ದ ವೈಮಾನಿಕ ಜಾಂ ಮೆರ್ಮೋಜ್ ಪಕ್ಷದ ಉಪಾಧ್ಯಕ್ಷರಾಗಿದ್ದರು. ಅದೇ ವರ್ಷ ಡಿಸೆಂಬರ್ 7ರಂದು ಅವರು ಅಟ್ಲಾಂಟಿಕ್ ಸಾಗರದಲ್ಲಿ ವಿಮಾನ ಸಹಿತ ಕಣ್ಮರೆಯಾದರು. ಪಕ್ಷ ಮಾತ್ರ ಬೆಳೆಯುತ್ತಲೇ ಹೋಯಿತು. ಕೆಲವರ ಲೆಕ್ಕದಲ್ಲಿ ಅದರ ಸದಸ್ಯರ ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿತ್ತು. ಅಂದಿನ ಫ್ರಾನ್ಸಿನಲ್ಲಿ ಅಷ್ಟು ದೊಡ್ಡ ಪಕ್ಷ ಮತ್ತೊಂದಿರಲಿಲ್ಲ.

ಬೆಳವಣಿಗೆಯೊಡನೆ ಕಷ್ಟಗಳೂ ಬಂದವು. 1937ರ ಮಾರ್ಚ್ 16ರಂದು ಪ್ಯಾರಿಸ್ ಬಳಿಯ ಕ್ಲಿಶಿ ಎಂಬ ಕಾರ್ಮಿಕ ಬಡಾವಣೆಯಲ್ಲಿ ಪಕ್ಷವು ತನ್ನ ಸದಸ್ಯರ ಕುಟುಂಬಗಳಿಗಾಗಿ ಚಲನಚಿತ್ರ ಪ್ರದರ್ಶನ ಏರ್ಪಡಿಸಿತ್ತು. ಎದುರಾಳಿಗಳು ಪ್ರತಿಭಟಿಸಲು ಸೇರಿದರು. ಗಲಭೆಯಾಗಿ ಪೊಲೀಸರು ಗುಂಡು ಹಾರಿಸಿದರು. ಕನಿಷ್ಠ ಐವರು ಪ್ರತಿಭಟನಕಾರರು ಪ್ರಾಣ ಕಳೆದುಕೊಂಡರು. ಹೆಂಗಸರು, ಮಕ್ಕಳು ಸಿನಿಮಾ ನೋಡಲು ಬಂದ ಸಂಜೆಯೂ ರಕ್ತದಲ್ಲಿ ಮುಗಿಯುವಷ್ಟು ಅಪನಂಬಿಕೆ ದೇಶದಲ್ಲಿ ತುಂಬಿಕೊಂಡಿತ್ತು.

ಅದೇ ವರ್ಷ, ಹಿಂದೆ ಕಮ್ಯೂನಿಸ್ಟನಾಗಿದ್ದು ಬಳಿಕ ಫ್ಯಾಸಿಸ್ಟ್ ಹಾದಿ ಹಿಡಿದ ಜಾಕ್ ದೋರಿಯೋ, ಬಲಪಂಥೀಯರೆಲ್ಲ ಸೇರಿ ಒಕ್ಕೂಟ ರಚಿಸೋಣವೆಂದು ಕರೆಕೊಟ್ಟ. ಲಾ ರಾಕ್ ಒಪ್ಪಲಿಲ್ಲ. ಮುಂದೆ ದೋರಿಯೋ ಜರ್ಮನ್ ಸೇನೆಯ ಸಮವಸ್ತ್ರವನ್ನೇ ಧರಿಸಿದ ಎಂಬುದನ್ನು ನೆನೆದರೆ ಈ ನಿರಾಕರಣೆಯ ಬೆಲೆ ತಿಳಿಯುತ್ತದೆ.

ಯೆಹೂದ್ಯರ ವಿಷಯದಲ್ಲಿ ಅವರ ನಿಲುವೇನಿತ್ತು? ಯುದ್ಧಕ್ಕೆ ಮೊದಲು ಅವರು ಹಿಟ್ಲರನ ಜನಾಂಗವಾದವನ್ನು ತಿರಸ್ಕರಿಸಿದ್ದರು. ದೇಶಕ್ಕಾಗಿ ಹೋರಾಡಿದ ಯೆಹೂದ್ಯ ಸೈನಿಕರು ಅವರ ಸಂಘದಲ್ಲಿದ್ದರು. 1936ರಲ್ಲಿ ಪ್ಯಾರಿಸಿನ ಪ್ರಮುಖ ಯೆಹೂದ್ಯ ಪ್ರಾರ್ಥನಾಲಯದಲ್ಲಿ, ಯುದ್ಧದಲ್ಲಿ ಮಡಿದ ಯೆಹೂದ್ಯ ಸೈನಿಕರ ಸ್ಮರಣೆಗಾಗಿ ರಬ್ಬಿ ಜಾಕೋಬ್ ಕಪ್ಲಾನ್ ನಡೆಸಿದ ಪ್ರಾರ್ಥನೆಯಲ್ಲಿ ಲಾ ರಾಕ್ ಭಾಗವಹಿಸಿದ್ದರು. ಉಗ್ರರು ಅದಕ್ಕಾಗಿ ಅವರನ್ನು ಮೂದಲಿಸಿದರು. ಆದರೆ ಅಲ್ಜೀರಿಯಾ ಮತ್ತು ಅಲ್ಸಾಸಿನಲ್ಲಿದ್ದ ಅವರದೇ ಪಕ್ಷದ ಶಾಖೆಗಳಲ್ಲಿ ಯೆಹೂದ್ಯ ದ್ವೇಷ ಬಹಿರಂಗವಾಗಿತ್ತು. ನಾಯಕರು ಅದನ್ನು ಬೇರುಸಹಿತ ಕಿತ್ತುಹಾಕಲಿಲ್ಲ. ತನ್ನ ಮನೆಯ ಮೂಲೆಯಲ್ಲಿ ಬೆಳೆದ ಕಳೆಯನ್ನು ಕಂಡೂ ಕಾಣದಂತೆ ಬಿಟ್ಟವನಿಗೆ ಅದು ಅಂಗಳ ತುಂಬಿದಾಗ ಕೀಳುವ ಶಕ್ತಿ ಉಳಿದಿರುವುದಿಲ್ಲ.

ಸೋಲಿನ ಕಾಲದ ಪರೀಕ್ಷೆ

1940ರಲ್ಲಿ ನಡೆಯಬೇಕಿದ್ದ ಚುನಾವಣೆಯಲ್ಲಿ ಲಾ ರಾಕ್ ಅವರ ಪಕ್ಷ ಬಹಳ ಸ್ಥಾನಗಳನ್ನು ಗೆಲ್ಲಬಹುದೆಂಬ ನಿರೀಕ್ಷೆಯಿತ್ತು. ಆ ಚುನಾವಣೆ ನಡೆಯಲೇ ಇಲ್ಲ. ಆ ವರ್ಷದ ಮೇ ತಿಂಗಳಲ್ಲಿ ಜರ್ಮನ್ ಸೇನೆ ನುಗ್ಗಿ, ಆರು ವಾರಗಳಲ್ಲಿ ಫ್ರಾನ್ಸ್ ನೆಲಕಚ್ಚಿತು. 84 ವರ್ಷದ ಮಾರ್ಷಲ್ ಪೆತಾಂ ಅಧಿಕಾರ ವಹಿಸಿಕೊಂಡು ಕದನವಿರಾಮ ಕೋರಿದರು. ವೆರ್ದಾಂ ಯುದ್ಧದ ಆ ವೀರನನ್ನು ಕಂಡರೆ ಫ್ರೆಂಚ್ ಸೈನಿಕರಿಗೆಲ್ಲ ಅಪಾರ ಭಕ್ತಿ. ಅದರಲ್ಲೂ ಅವರು ಬಾಯಿ ತೆರೆದರೆ ಲಾ ರಾಕ್ ಅವರ ಘೋಷಣೆಯೇ ಬರುತ್ತಿತ್ತು. ಕರ್ನಲ್ ತಮ್ಮ ಅನುಯಾಯಿಗಳಿಗೆ ಮಾರ್ಷಲ್ ಅವರನ್ನು ಬೆಂಬಲಿಸಲು ಕರೆಯಿತ್ತರು. 1941ರಲ್ಲಿ ವಿಶಿ ಸರ್ಕಾರದ ರಾಷ್ಟ್ರೀಯ ಮಂಡಳಿಗೆ ಅವರ ಹೆಸರನ್ನೂ ಸೇರಿಸಲಾಯಿತು.

ಇಲ್ಲಿಯೇ ಅವರ ಬದುಕಿನ ಅತಿ ನೋವಿನ ಪುಟವಿದೆ. 1940ರ ಅಕ್ಟೋಬರಿನಲ್ಲಿ ವಿಶಿ ಸರ್ಕಾರ ಯೆಹೂದ್ಯರನ್ನು ಸರ್ಕಾರಿ ಹುದ್ದೆಗಳಿಂದ, ಶಾಲೆಗಳಿಂದ, ಪತ್ರಿಕೆಗಳಿಂದ ಹೊರದಬ್ಬುವ ಕಾನೂನನ್ನು ತಂದಿತು. ನಾಲ್ಕು ವರ್ಷಗಳ ಹಿಂದೆ ಯೆಹೂದ್ಯ ಪ್ರಾರ್ಥನಾಲಯದಲ್ಲಿ ತಲೆಬಾಗಿ ನಿಂತಿದ್ದ ವ್ಯಕ್ತಿ ಆಗ ಅದರ ವಿರುದ್ಧ ದನಿಯೆತ್ತಲಿಲ್ಲ. ಅಷ್ಟೇ ಅಲ್ಲ, ಆ ಕಾಲದ ಬರಹಗಳಲ್ಲಿ ಅವರೂ ಹೊರದೇಶಗಳಿಂದ ಬಂದ ಯೆಹೂದ್ಯರನ್ನು, ಫ್ರೀಮೇಸನ್ನರನ್ನು ದೇಶದ ಅವನತಿಗೆ ಕಾರಣರೆಂದು ದೂಷಿಸಿದರು. ದೇಶಕ್ಕಾಗಿ ರಕ್ತ ಸುರಿಸಿದ ಯೆಹೂದ್ಯನನ್ನು ಸೋದರನೆಂದು ಒಪ್ಪಿಕೊಂಡವರಿಗೆ, ಬರಿಗೈಯಲ್ಲಿ ಆಶ್ರಯ ಬೇಡಿ ಬಂದ ಯೆಹೂದ್ಯನೂ ಸೋದರನೆಂದು ಒಪ್ಪಿಕೊಳ್ಳಲಾಗಲಿಲ್ಲ. ದೇಶಸೇವೆಯ ಪ್ರಮಾಣಪತ್ರ ನೋಡಿ ಸೋದರನನ್ನು ಗುರುತಿಸುವ ಪ್ರೀತಿ ಎಲ್ಲಿ ನಿಂತುಬಿಡುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಈ ಮೌನದ ಪಕ್ಕದಲ್ಲಿ ಮತ್ತೊಂದು ದನಿಯನ್ನು ಇಟ್ಟು ನೋಡಬೇಕು. 1942ರ ಜುಲೈಯಲ್ಲಿ ಪ್ಯಾರಿಸಿನಲ್ಲಿ ಫ್ರೆಂಚ್ ಪೊಲೀಸರೇ ಎರಡು ದಿನಗಳಲ್ಲಿ ಸುಮಾರು 13 ಸಾವಿರ ಯೆಹೂದ್ಯರನ್ನು ಹಿಡಿದರು. ಅವರಲ್ಲಿ 4 ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು. ಆಗಸ್ಟ್ ತಿಂಗಳಲ್ಲಿ ತುಲೂಸಿನ ಮಹಾಧರ್ಮಾಧ್ಯಕ್ಷ ಸಲಿಯೇಜ್ ಅವರು, ಯೆಹೂದ್ಯರೂ ನಮ್ಮಂತೆಯೇ ಮನುಷ್ಯರು, ಅವರೂ ನಮ್ಮ ಸೋದರರು ಎಂದು ಸಾರುವ ಒಂದು ಚಿಕ್ಕ ಪತ್ರವನ್ನು ಬರೆದು, ಅದನ್ನು ತಮ್ಮ ಧರ್ಮಕೇಂದ್ರಗಳಲ್ಲಿ ಓದಲು ಕಳುಹಿಸಿದರು. ಪಾರ್ಶ್ವವಾಯುವಿನಿಂದ ನಡೆಯಲೂ ಮಾತಾಡಲೂ ಕಷ್ಟಪಡುತ್ತಿದ್ದ ವೃದ್ಧರು ಅವರು. ಪತ್ರವನ್ನು ಓದದಂತೆ ಸರ್ಕಾರದ ಅಧಿಕಾರಿ ತಡೆಯೊಡ್ಡಿದರು. ಆದರೂ ಆಗಸ್ಟ್ 23ರ ಭಾನುವಾರ ಅನೇಕ ದೇವಾಲಯಗಳಲ್ಲಿ ಗುರುಗಳು ಅದನ್ನು ಓದಿದರು. ಆ ಬಳಿಕ ಎಷ್ಟೋ ಕನ್ಯಾಮಠಗಳ, ರೈತ ಮನೆಗಳ ಬಾಗಿಲುಗಳು ಯೆಹೂದ್ಯ ಮಕ್ಕಳಿಗಾಗಿ ತೆರೆದುಕೊಂಡವು.

ಸೆರೆ ಮತ್ತು ಸಾವು

ಇಷ್ಟಾದರೂ ಲಾ ರಾಕ್ ಜರ್ಮನರ ಕೈಗೊಂಬೆಯಾಗಲಿಲ್ಲ. ಶತ್ರುವಿನೊಡನೆ ಕೈಜೋಡಿಸುವುದನ್ನು ಅವರು ವಿರೋಧಿಸಿದರು. ರಷ್ಯದಲ್ಲಿ ಜರ್ಮನರ ಪರವಾಗಿ ಹೋರಾಡಲು ಕಟ್ಟಿದ ಸ್ವಯಂಸೇವಕ ದಳಕ್ಕೆ ಸೇರಬಾರದೆಂದು ತಮ್ಮ ಸದಸ್ಯರಿಗೆ ತಿಳಿಸಿದರು. 1942ರಿಂದ ಬ್ರಿಟಿಷ್ ಗುಪ್ತಚರ ಇಲಾಖೆಗೆ ಮಾಹಿತಿ ಒದಗಿಸುವ ಒಂದು ಗುಪ್ತ ಜಾಲವನ್ನು ನಡೆಸಿದರು. ಅವರ ನಿಕಟವರ್ತಿ ಷಾರ್ಲ್ ವಾಲಾಂ ಅದೇ ವರ್ಷ ಲಂಡನ್ನಿಗೆ ಹೋಗಿ ಜನರಲ್ ಡಿ ಗಾಲ್ ಅವರನ್ನು ಸೇರಿಕೊಂಡರು. 1943ರ ಮಾರ್ಚ್ 9ರಂದು ಜರ್ಮನರು ಕ್ಲೆರ್ಮೋಂ ಫೆರಾಂ ನಗರದಲ್ಲಿ ಲಾ ರಾಕ್ ಅವರನ್ನು ಬಂಧಿಸಿದರು. ಅವರ ಪಕ್ಷದ ನೂರಕ್ಕೂ ಹೆಚ್ಚು ಮುಖಂಡರು ಆಗ ಸೆರೆಯಾದರು.

ಅವರನ್ನು ಮೊದಲು ಬೊಹೀಮಿಯಾದ ಐಸೆನ್‌ಬರ್ಗ್ ಕೋಟೆಗೆ, ಬಳಿಕ ಆಸ್ಟ್ರಿಯಾದ ಇಟ್ಟರ್ ಕೋಟೆಗೆ ಒಯ್ದರು. ಇಟ್ಟರಿನಲ್ಲಿ ಸೆರೆಯಲ್ಲಿದ್ದ ಫ್ರೆಂಚ್ ಗಣ್ಯರಲ್ಲಿ ಮಾಜಿ ಪ್ರಧಾನಿ ದಲಾದಿಯೆ ಕೂಡ ಒಬ್ಬರು. ಫೆಬ್ರವರಿ 6ರ ರಾತ್ರಿ ಒಬ್ಬರು ಸದನವನ್ನು ಕಾಯುವ ಹೊಣೆ ಹೊತ್ತಿದ್ದರು. ಇನ್ನೊಬ್ಬರು ಅದರ ಹಿಂಬಾಗಿಲ ಬಳಿ ಸಾವಿರಾರು ಜನರೊಡನೆ ನಿಂತಿದ್ದರು. ಹತ್ತು ವರ್ಷಗಳ ಬಳಿಕ ಇಬ್ಬರಿಗೂ ಒಂದೇ ಕೋಟೆ, ಒಂದೇ ಕಾವಲುಗಾರ.

1945ರ ಮೇ ತಿಂಗಳಲ್ಲಿ ಅಮೆರಿಕದ ಸೇನೆ ಬಂದಾಗ ಅವರಿಗೆ ಬಿಡುಗಡೆಯಾಯಿತು. ಹಳೆಯ ಗಾಯಗಳಿಂದಲೂ ಸೆರೆವಾಸದಿಂದಲೂ ಜರ್ಜರಿತರಾಗಿ ಅವರು ಫ್ರಾನ್ಸಿಗೆ ಮರಳಿದರು. ಅಲ್ಲಿ ಸ್ವಾಗತದ ಬದಲು ಮತ್ತೆ ಬಂಧನ ಕಾದಿತ್ತು. ನ್ಯಾಯಾಲಯದ ತೀರ್ಪಿಲ್ಲದೆಯೇ ಸರ್ಕಾರ ಅವರನ್ನು ವೆರ್ಸೈಯಲ್ಲಿ ಇರಿಸಿತು. ಬಳಿಕ ಗೃಹಬಂಧನ. 1946ರ ಏಪ್ರಿಲ್ 28ರಂದು, ತಮ್ಮ 60ನೆಯ ವಯಸ್ಸಿನಲ್ಲಿ ಅವರು ಪ್ಯಾರಿಸಿನಲ್ಲಿ ಕಣ್ಣುಮುಚ್ಚಿದರು. 1961ರಲ್ಲಿ ರಾಷ್ಟ್ರಾಧ್ಯಕ್ಷ ಡಿ ಗಾಲ್ ಅವರ ಕಾಲದಲ್ಲಿ, ಪ್ರತಿರೋಧದ ಕಾರ್ಯಕ್ಕಾಗಿ ಗಡೀಪಾರಾದವರಿಗೆ ನೀಡುವ ಪದಕವನ್ನು ಮರಣೋತ್ತರವಾಗಿ ಅವರಿಗೆ ನೀಡಲಾಯಿತು.

ನಮಗೆ ಉಳಿಯುವ ಪ್ರಶ್ನೆ

ಲಾ ರಾಕ್ ಫ್ಯಾಸಿಸ್ಟರಾಗಿದ್ದರೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ರೆನೆ ರೆಮೋಂ ಅವರಂತಹ ಫ್ರೆಂಚ್ ಇತಿಹಾಸಕಾರರು ಅಲ್ಲವೆಂದರು. ರಾಬರ್ಟ್ ಸೂಸಿಯಂತಹವರು ಹೌದೆಂದು ವಾದಿಸಿದರು. ಆ ತೀರ್ಪನ್ನು ವಿದ್ವಾಂಸರಿಗೆ ಬಿಡೋಣ. ನಮ್ಮ ಕುಟುಂಬಗಳಿಗೆ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ.

ಅವರ ಜೀವನದ ಎರಡು ಘಳಿಗೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅದು ಸ್ಪಷ್ಟವಾಗುತ್ತದೆ. 1934ರಲ್ಲಿ ಅವರನ್ನು ಕಾಪಾಡಿದ್ದು ವಿಧೇಯತೆ. ಕಾನೂನುಬದ್ಧ ಅಧಿಕಾರದ ಮೇಲೆ ಕೈಮಾಡಬಾರದು ಎಂಬ ಸೈನಿಕನ ಸಂಸ್ಕಾರ ಅವರನ್ನೂ ದೇಶವನ್ನೂ ದೊಡ್ಡ ಪಾಪದಿಂದ ಪಾರುಮಾಡಿತು. 1940ರಲ್ಲಿ ಅವರನ್ನು ಎಡವಿಸಿದ್ದೂ ಅದೇ ವಿಧೇಯತೆ. ಅಧಿಕಾರದಲ್ಲಿರುವವರು ಮಾರ್ಷಲ್, ಅವರ ಮಾತು ನಮ್ಮ ಮಾತೇ, ಅವರ ಧ್ಯೇಯ ನಮ್ಮ ಧ್ಯೇಯವೇ ಎಂಬ ಭಾವನೆ, ಅದೇ ಅಧಿಕಾರ ನೆರೆಮನೆಯವನ ಬಾಗಿಲು ಬಡಿದಾಗ ಅವರ ಬಾಯಿ ಕಟ್ಟಿತು. ಗುಣ ಒಂದೇ. ಒಮ್ಮೆ ಅದು ರಕ್ಷಿಸಿತು, ಒಮ್ಮೆ ಕೈಬಿಟ್ಟಿತು. ಏಕೆಂದರೆ ವಿಧೇಯತೆ ತಾನೇ ತನಗೆ ಅಳತೆಗೋಲಾಗಲಾರದು. ಅದನ್ನು ಅಳೆಯಲು ಅದಕ್ಕಿಂತ ಮೇಲಿನದೊಂದು ಬೇಕು. ಮಹಾಧರ್ಮಾಧ್ಯಕ್ಷ ಸಲಿಯೇಜ್ ಅವರ ಬಳಿ ಅದು ಇತ್ತು. ಹಿಡಿದೊಯ್ಯಲ್ಪಡುತ್ತಿರುವವನು ಯಾರು ಎಂದು ಕೇಳುವ ಮೊದಲು, ಅವನೂ ದೇವರ ರೂಪದಲ್ಲಿ ಸೃಷ್ಟಿಯಾದವನು ಎಂಬುದನ್ನು ಅವರು ಕಂಡರು.

ಪ್ರಭು ಯೇಸು ತಮ್ಮ ನಾಡನ್ನು ಪ್ರೀತಿಸಲಿಲ್ಲವೇ? ಜೆರುಸಲೇಮ್ ನಗರವನ್ನು ಕಂಡು ಅವರು ಕಣ್ಣೀರಿಟ್ಟರು. ಆದರೆ ನಿನ್ನ ನೆರೆಯವನು ಯಾರು ಎಂಬುದನ್ನು ವಿವರಿಸಬೇಕಾದಾಗ, ತಮ್ಮ ಜನ ಹೀಗಳೆಯುತ್ತಿದ್ದ ಸಮಾರಿಯದವನೊಬ್ಬನನ್ನೇ ಕಥೆಯ ನಾಯಕನನ್ನಾಗಿ ನಿಲ್ಲಿಸಿದರು. ಕಣ್ಣೀರಿಡುವಷ್ಟು ನಾಡನ್ನು ಪ್ರೀತಿಸುವುದು ಮತ್ತು ಹೊರಗಿನವನ ಗಾಯಕ್ಕೆ ಎಣ್ಣೆ ಹೊಯ್ಯುವುದು ಆ ಒಂದೇ ಹೃದಯದಲ್ಲಿ ಕೂಡಿದ್ದವು.

ದುಡಿಮೆ, ಕುಟುಂಬ, ತಾಯ್ನಾಡು. ಈ ಪದಗಳನ್ನು ನಾವು ಬಿಟ್ಟುಕೊಡಬೇಕಾಗಿಲ್ಲ. ಅವು ಇಂದಿಗೂ ಒಳ್ಳೆಯ ಪದಗಳೇ. ಆದರೆ ಯಾರಾದರೂ ಅವುಗಳನ್ನು ನಮ್ಮ ಮುಂದೆ ಹಿಡಿದಾಗ ನಾವು ಮರುಪ್ರಶ್ನೆ ಕೇಳಬೇಕು: ಈ ದುಡಿಮೆಯಲ್ಲಿ ಯಾರಿಗೆ ಕೆಲಸವಿಲ್ಲ? ಈ ಕುಟುಂಬದ ಹೊಸ್ತಿಲಾಚೆ ಯಾರನ್ನು ನಿಲ್ಲಿಸಲಾಗಿದೆ? ಈ ತಾಯ್ನಾಡಿನಲ್ಲಿ ಯಾರ ಮಕ್ಕಳನ್ನು ಪರರೆಂದು ಎಣಿಸಲಾಗುತ್ತಿದೆ? ರಾತ್ರಿ ಊಟದ ಬಳಿಕ ಜಪಸರ ಪ್ರಾರ್ಥನೆಗೆ ಕುಳಿತಾಗ, ನಮ್ಮ ಮಕ್ಕಳಿಗೆ ದೇಶವನ್ನು ಪ್ರೀತಿಸಲು ಕಲಿಸುವ ತಂದೆತಾಯಿಗಳು ಈ ಪ್ರಶ್ನೆಗಳನ್ನೂ ಅವರಿಗೆ ಕಲಿಸಲಿ.